ಟ್ರಾನ್ಸ್ ಮಕ್ಕಳ ಮನೆಯವರಿಗಾಗಿ ಕನ್ನಡದಲ್ಲಿ ಪುಸ್ತಿಕೆ ಮಾಡುತ್ತಿದ್ದೇವೆ, ಮೊದಲ ಪುಟದಲ್ಲಿ ಏನಿರಬೇಕು?

ಶಿವಮೊಗ್ಗದ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನನ್ನ ಮಗನಿಗೆ ಈಗ 19. ಹುಟ್ಟಿದಾಗ ದಾದಿ 'ಲಕ್ಷ್ಮಿ ಬಂದಳು' ಅಂದಿದ್ದರು. ಮೊದಲ ಪಿಯುಸಿಯಲ್ಲಿ ಒಂದು ರಾತ್ರಿ ಅಡುಗೆಮನೆಗೆ ಬಂದು 'ಅಮ್ಮ, ನಾನು ಹುಡುಗಿ ಅಲ್ಲ' ಅಂದ. ನಾನು ಪಾತ್ರೆ ತೊಳೆಯುತ್ತಿದ್ದೆ. 'ನಾಳೆ ಮಾತಾಡೋಣ, ಈಗ ಮಲಕ್ಕೋ' ಅಂದೆ. ಆ ನಾಳೆ ಬರುವುದಕ್ಕೆ ಎಂಟು ತಿಂಗಳು ಹಿಡಿಯಿತು.

ಆ ಎಂಟು ತಿಂಗಳು ಎಲ್ಲರೂ ಮಲಗಿದ ಮೇಲೆ ಮೊಬೈಲ್‌ನಲ್ಲಿ ಹುಡುಕುತ್ತಿದ್ದೆ. ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎರಡೇ ಬಗೆ. ಒಂದು, ಸರ್ಕಾರಿ ಸುತ್ತೋಲೆಯ ಭಾಷೆಯದು. ಇನ್ನೊಂದು, ಕೆಂಪಕ್ಷರದಲ್ಲಿ 'ಬೆಚ್ಚಿಬೀಳ್ತೀರಾ' ಅಂತ ಹಾಕಿದ ವಿಡಿಯೋ. ಇಂಗ್ಲಿಷ್‌ನಲ್ಲಿ ರಾಶಿ ರಾಶಿ ಇದೆ. ನನ್ನ ಇಂಗ್ಲಿಷ್ ಬ್ಯಾಂಕ್ ಚಲನ್ ತುಂಬುವಷ್ಟು ಮಾತ್ರ.

ಈಗ ನಾವು ನಾಲ್ಕು ಮನೆಯವರು ಸೇರಿ 24 ಪುಟದ ಪುಸ್ತಿಕೆ ಮಾಡುತ್ತಿದ್ದೇವೆ. ಅಪ್ಪ, ಅಮ್ಮ, ಅಜ್ಜಿ, ಸೋದರಮಾವ ಓದಬೇಕು. ಕರಡು ಸಿದ್ಧವಾಗಿದೆ. ಮೊದಲ ಪುಟದಲ್ಲಿ 'ಲಿಂಗ ಮತ್ತು ಲಿಂಗತ್ವದ ನಡುವಿನ ವ್ಯತ್ಯಾಸ' ಅಂತ ಶುರುವಾಗುತ್ತೆ. ನಮ್ಮ ಯಜಮಾನರಿಗೆ ಕೊಟ್ಟೆ. ಮೂರು ಸಾಲು ಓದಿ, ಮಡಚಿ ದಿಂಬಿನ ಕೆಳಗೆ ಇಟ್ಟರು. 'ಇದರ ಮೇಲೆ ಪರೀಕ್ಷೆ ಇದೆಯಾ?' ಅಂದರು.

ಅಲ್ಲೇ ಗೊತ್ತಾಯಿತು, ಎಲ್ಲೋ ತಪ್ಪಿದ್ದೇವೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಮೊದಲ ಪುಟದಲ್ಲಿ ಏನಿರಬೇಕು? ಮಕ್ಕಳನ್ನು ಕನ್ನಡದಲ್ಲಿ ಏನಂತ ಕರೆಯಬೇಕು? ನೀವು ಮನೆಯವರಾಗಿದ್ದರೆ ನಿಮ್ಮ ಮೊದಲ ಭಯ ಯಾವುದಾಗಿತ್ತು? ಮುಚ್ಚುಮರೆ ಬೇಡ, ಹೇಳಿ.

ಮಲ್ಲಿಗೆ ಮೊಗ್ಗು

ಅಮ್ಮ, ನನಗೆ 26. ಹಾಸನದ ಕಡೆಯ ಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಮನೆ ಬಿಟ್ಟು ಬೆಂಗಳೂರಿಗೆ ಬಂದೆ. ನಮ್ಮಂಥ ಟ್ರಾನ್ಸ್ ಹೆಂಗಸರು ಗುರುವಿನ ಜೊತೆ ಒಟ್ಟಿಗೆ ಇರುವ ಮನೆಗೆ ಹಮಾಮ್ ಅಂತಾರೆ, ಅಲ್ಲಿ ಗುರು ಸಾಕಿದರು. ಬೈಯುತ್ತಿದ್ದರು, ಊಟವನ್ನೂ ಹಾಕುತ್ತಿದ್ದರು. ಈಗ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್.

ಮೊದಲ ಪುಟದಲ್ಲಿ 'ಸ್ವೀಕರಿಸಿ' ಅಂತ ಮಾತ್ರ ಬರೆಯಬೇಡಿ. ಅದು ಬಹಳ ದೊಡ್ಡ ಪದ. ನಮ್ಮಪ್ಪ ಜೀವನದಲ್ಲಿ ಸ್ವೀಕರಿಸಿದ್ದು ರಿಜಿಸ್ಟರ್ ಪೋಸ್ಟ್ ಒಂದೇ. ಎರಡೇ ಎರಡು ಸಾಲು ಬರೆಯಿರಿ. 'ಮನೆಯಿಂದ ಕಳಿಸಬೇಡಿ. ಓದು ಬಿಡಿಸಬೇಡಿ.' ಇವೆರಡು ಮಾಡಿದರೆ ಮಿಕ್ಕಿದ್ದಕ್ಕೆ ಟೈಮ್ ಸಿಗುತ್ತೆ. ಇವೆರಡು ತಪ್ಪಿದರೆ ಆಮೇಲೆ ಎಷ್ಟು ಪ್ರೀತಿ ಬಂದರೂ ಮಗು ಅಷ್ಟರಲ್ಲಿ ಸಿಗ್ನಲ್‌ನಲ್ಲಿ ಕೈ ತಟ್ಟುತ್ತಿರುತ್ತೆ.

ಇನ್ನೊಂದು. ನನ್ನ ಮಾರ್ಕ್ಸ್ ಕಾರ್ಡ್ ಅಮ್ಮನ ಟ್ರಂಕ್‌ನಲ್ಲೇ ಉಳಿಯಿತು. 71 ಪರ್ಸೆಂಟ್ ಬಂದಿತ್ತು. ಅದು ಕೈಯಲ್ಲಿ ಇಲ್ಲದೆ ಆರು ವರ್ಷ ಯಾವ ಕೆಲಸಕ್ಕೂ ಅರ್ಜಿ ಹಾಕಲಿಲ್ಲ. ಕೋಪ ಬಂದರೆ ಬೈಯಿರಿ, ಮಕ್ಕಳ ಕಾಗದಪತ್ರ ಬಚ್ಚಿಡಬೇಡಿ ಅಂತ ದಪ್ಪ ಅಕ್ಷರದಲ್ಲಿ ಹಾಕಿ.

ಹೊಸಪೇಟೆ ಮೇಷ್ಟ್ರು

ಕನ್ನಡ ಮೇಷ್ಟ್ರಾಗಿ ಎರಡನೇ ಪ್ರಶ್ನೆಗೆ ಬರುತ್ತೇನೆ.

'ಲಿಂಗತ್ವ ಅಲ್ಪಸಂಖ್ಯಾತರು' ಅಂತ ಸರ್ಕಾರ ಬಳಸುತ್ತದೆ. ಹೋರಾಟದ ವೇದಿಕೆಗೆ, ಅರ್ಜಿಗೆ ಸರಿ. ಆದರೆ ನಮ್ಮ ಶಾಲೆಯ ಒಬ್ಬ ಹುಡುಗನ ತಂದೆಗೆ ಈ ಪದ ಹೇಳಿದಾಗ ಅವರು 'ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್ಪಾ ಸಾರ್? ನಾವು ಲಿಂಗಾಯತರು, ನಮಗೆ ಬರಲ್ಲ' ಅಂದರು. ತಮಾಷೆಗೆ ಹೇಳುತ್ತಿಲ್ಲ, ನಿಜಕ್ಕೂ ಹಾಗೇ ಅರ್ಥ ಮಾಡಿಕೊಂಡಿದ್ದರು. 'ತೃತೀಯ ಲಿಂಗಿ' ಅನ್ನುವುದು ಪತ್ರಿಕೆಯ ಪದ. ಒಂದು, ಎರಡು ಯಾರು, ಮೂರು ಯಾಕೆ ಅಂತ ಬಹಳ ಜನ ಒಪ್ಪುವುದಿಲ್ಲ. 'ಮಂಗಳಮುಖಿ' ಕೇಳಲು ಚೆನ್ನಾಗಿದೆ. ಆದರೆ ಆ ಪದ ಕೇಳಿದ ಕೂಡಲೇ ಹೆತ್ತವರ ಕಣ್ಣಿಗೆ ಬರುವುದು ರೈಲಿನಲ್ಲಿ ದುಡ್ಡು ಕೇಳುವವರು. 14 ವರ್ಷದ ಮಗುವನ್ನು ಆ ಚಿತ್ರದೊಳಗೆ ತೂರಿಸಿದ ಹಾಗಾಗುತ್ತದೆ. ಬೈಗುಳದ ಪದಗಳಂತೂ ಎಲ್ಲರಿಗೂ ಗೊತ್ತು, ಬರೆಯುವುದಿಲ್ಲ.

ನನ್ನ ಮಟ್ಟಿಗೆ 'ಟ್ರಾನ್ಸ್ ಮಗು' ಸಾಕು. ಬಸ್ಸು, ಟಿಕೆಟ್ಟು ಒಪ್ಪಿಕೊಂಡ ಭಾಷೆಗೆ ಇದೇನು ಭಾರ? ಪುಸ್ತಿಕೆಯ ಹೆಚ್ಚಿನ ಕಡೆ ಬರೀ 'ನಿಮ್ಮ ಮಗು' ಅಂದರೂ ನಡೆಯುತ್ತದೆ.

ಇನ್ನು ಇಂಗ್ಲಿಷ್ ಪುಸ್ತಿಕೆಗಳಲ್ಲಿ ಸರ್ವನಾಮದ ಮೇಲೆ ಪುಟಗಟ್ಟಲೆ ಇರುತ್ತದೆ. ಅದನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ನಗೆಪಾಟಲು. ನಮ್ಮಲ್ಲಿ ಗಂಡು ಹೆಣ್ಣು ಸರ್ವನಾಮದಲ್ಲಿ ಮಾತ್ರ ಕೂತಿಲ್ಲ, ಕ್ರಿಯಾಪದದ ಬಾಲದಲ್ಲೂ ಕೂತಿದೆ. ಬಂದ, ಬಂದಳು. ಆದರೆ 'ನಾನು ಬಂದೆ' ಅಂತ ಹುಡುಗನೂ ಹೇಳುತ್ತಾನೆ, ಹುಡುಗಿಯೂ ಹೇಳುತ್ತಾಳೆ. ಹಿಂದಿಯಲ್ಲಿ ಹಾಗಲ್ಲ, ಬಾಯಿ ಬಿಟ್ಟ ಕೂಡಲೇ 'ಆಯಾ', 'ಆಯೀ' ಅಂತ ಬಯಲಾಗುತ್ತದೆ. ನಮ್ಮ ಮಕ್ಕಳು ತಮ್ಮ ಬಗ್ಗೆ ತಾವೇ ಮಾತಾಡುವಾಗ ಭಾಷೆ ಅಡ್ಡ ಬರುವುದಿಲ್ಲ. ಕಷ್ಟ ಬರುವುದು ಬೇರೆಯವರು ಅವರನ್ನು ಕರೆಯುವಾಗ. 'ಬಾರೋ', 'ಬಾರೇ'. ದಿನಕ್ಕೆ ನೂರು ಸಲ ಚುಚ್ಚುವ ಮುಳ್ಳು ಅದು. ನಿಮ್ಮ ಪುಸ್ತಿಕೆಯಲ್ಲಿ ಸರ್ವನಾಮದ ಪುಟ ಬೇಡ, ಕರೆಯುವ ಪುಟ ಇರಲಿ.

ಶಿವಮೊಗ್ಗದ ಅಮ್ಮ

ಮೇಷ್ಟ್ರೇ, ನೀವು ಹೇಳಿದ ಮೇಲೆ ಹೊಳೆಯಿತು. ನಮ್ಮ ಕಡೆ ಮುದ್ದಿಗೆ ಹೆಣ್ಣುಮಕ್ಕಳನ್ನೂ 'ಬಾರೋ ಕಂದ', 'ಏನೋ ಪುಟ್ಟ' ಅಂತಲೇ ಕರೆಯುತ್ತೇವೆ. ನನ್ನ ಮಗನನ್ನು ಎರಡು ವರ್ಷದ ಕೂಸಿದ್ದಾಗಿನಿಂದಲೂ ಹಾಗೇ ಕರೆದಿದ್ದೆ. ಆಮೇಲೆ ಅವನೇ ಹೇಳಿದ, 'ಅಮ್ಮ, ನೀನು ಬಾರೋ ಅಂದಾಗೆಲ್ಲ ನನಗೆ ಒಳಗೊಳಗೇ ಖುಷಿ ಆಗ್ತಿತ್ತು' ಅಂತ. ಅಷ್ಟು ವರ್ಷ ಗೊತ್ತಿಲ್ಲದೆ ಒಂದು ಒಳ್ಳೇದು ಮಾಡಿದ್ದೆ ಅಲ್ವಾ.

ಆದರೆ ಇದು ತಿರುಗುಮುರುಗು ಆದರೆ ಕಷ್ಟ. ಗಂಡಾಗಿ ಹುಟ್ಟಿದ ಮಗುವನ್ನು ಯಾರೂ ಮುದ್ದಿಗೂ 'ಬಾರೇ' ಅನ್ನಲ್ಲ. ಅಂದರೆ ಅದು ಅವಮಾನ ಮಾಡುವುದಕ್ಕೇ. ನಮ್ಮ ಗುಂಪಿನಲ್ಲಿ ಗಂಡಾಗಿ ಹುಟ್ಟಿದ ಮಗಳ ತಾಯಿ ಒಬ್ಬರಿದ್ದಾರೆ. ಅವರು 'ಬಾಮ್ಮ' ಅನ್ನೋದನ್ನು ಶುರು ಮಾಡಿದ್ದಾರೆ. ಗಂಟಲು ಕಟ್ಟುತ್ತಿತ್ತಂತೆ ಮೊದಲು. ಈಗ ಸಲೀಸು.

ಮೈಸೂರು ಅಪ್ಪ

ನಾನು ಆರು ತಿಂಗಳು ಮಗಳನ್ನು ಯಾವ ಹೆಸರಿಂದಲೂ ಕರೆಯಲಿಲ್ಲ. 'ಊಟಕ್ಕೆ ಬರಬೇಕಂತೆ' ಅಂತ ಗೋಡೆಗೆ ಹೇಳುತ್ತಿದ್ದೆ. ಗೋಡೆ ಬರುತ್ತಿರಲಿಲ್ಲ, ಅವಳು ಬರುತ್ತಿದ್ದಳು.

ನನ್ನ ಮೊದಲ ಭಯ ಕೇಳಿದಿರಲ್ಲ. ದೊಡ್ಡ ಮಗಳ ಮದುವೆ. ಇಷ್ಟೇ. ಜಾತಕ ತಗೊಂಡು ಬಂದವರು ಮನೆಯಲ್ಲಿ ಇನ್ನೊಂದು ಮಗು ಏನು ಮಾಡ್ತಿದೆ ಅಂತ ಕೇಳಿದರೆ ಏನು ಹೇಳೋದು? ಸಣ್ಣತನ ಅನ್ನಿ, ಆದರೆ ಎರಡು ವರ್ಷ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಪುಸ್ತಿಕೆಯಲ್ಲಿ ಈ ಪ್ರಶ್ನೆ ಇಲ್ಲ ಅಂದರೆ ಅಪ್ಪಂದಿರು ಅದನ್ನು ಮಡಚಿ ದಿಂಬಿನ ಕೆಳಗೇ ಇಡೋದು.

ಪೇಟೆ ಬೀದಿ

ಯಾರೂ ಕೋಪ ಮಾಡ್ಕೋಬೇಡಿ. ನನ್ನ ಅಂಗಡಿಯಲ್ಲಿ ಕೂತು ದಿನಾ ಹುಡುಗರನ್ನು ನೋಡುತ್ತೇನೆ. ಸೈನ್ಸ್ ತಗೋಬೇಕಾ, ಕಾಮರ್ಸ್ ತಗೋಬೇಕಾ ಅಂತ ಗೊತ್ತಿಲ್ಲದ ವಯಸ್ಸು. ಮೊಬೈಲ್ ನೋಡಿ ಇವತ್ತು ಒಂದು ಅಂತಾರೆ, ನಾಳೆ ಇನ್ನೊಂದು. ಮಗು ಹೇಳಿದ ಕೂಡಲೇ ಹೂಂ ಅಂದು, ನಾಳೆ ಅದೇ ಮನಸ್ಸು ಬದಲಾಯಿಸಿದರೆ? ಪುಸ್ತಿಕೆ ಮಾಡಿದವರು ಬಂದು ಸರಿ ಮಾಡ್ತೀರಾ? ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ.

ಹೊಸಪೇಟೆ ಮೇಷ್ಟ್ರು

ಸ್ವಾಮಿ, ಕೊನೆಯ ಮಾತು ಮಾತ್ರ ಒಪ್ಪಲಾರೆ. ನಾನಿರುವ ಊರಿನಿಂದ ಹುಲಿಗಿ ದೂರವಿಲ್ಲ. ಅಲ್ಲಿ ಹುಲಿಗೆಮ್ಮ, ಸವದತ್ತಿಯಲ್ಲಿ ಎಲ್ಲಮ್ಮ. ಆ ದೇವಿಯರಿಗೆ ಬಿಟ್ಟ, ಗಂಡಾಗಿ ಹುಟ್ಟಿ ಸೀರೆ ಉಡುವ ಜೋಗಪ್ಪಂದಿರು ಎಷ್ಟು ತಲೆಮಾರಿನಿಂದ ಇದ್ದಾರೆ? ಮೊಬೈಲು ಮೊನ್ನೆಯದು. 2011ರ ಜನಗಣತಿಯಲ್ಲಿ ಮೊದಲ ಸಲ ಗಂಡು, ಹೆಣ್ಣು ಬಿಟ್ಟು 'ಇತರೆ' ಅಂತ ಬರೆಸುವ ಅವಕಾಶ ಕೊಟ್ಟಾಗ ದೇಶದಲ್ಲಿ 4,87,803 ಜನ ಲೆಕ್ಕಕ್ಕೆ ಬಂದರು. ಅದರಲ್ಲಿ 54,854 ಮಂದಿ ಆರು ವರ್ಷದೊಳಗಿನವರು. ಅವರು ಮೊಬೈಲ್ ನೋಡಿ ಬರೆಸಿದ್ದಲ್ಲ, ಮನೆಯ ಹಿರಿಯರೇ ಬರೆಸಿದ್ದು. ಅವರಲ್ಲಿ ಹುಟ್ಟುವಾಗಲೇ ದೇಹದಲ್ಲಿ ಗಂಡು ಹೆಣ್ಣಿನ ಗುರುತು ಬೆರೆತಿದ್ದ ಮಕ್ಕಳೂ ಇದ್ದಾರು. ಅದು ಬೇರೆ ವಿಷಯ, ಪುಸ್ತಿಕೆಯಲ್ಲೂ ಬೇರೆ ಅಂತಲೇ ಹೇಳಬೇಕು. ಆದರೆ 'ಇರಲಿಲ್ಲ' ಅನ್ನುವುದು ಸುಳ್ಳು. ನಾವು ಕೇಳಿರಲಿಲ್ಲ.

ಜಿಲ್ಲಾ ಡಾಕ್ಟರಮ್ಮ

ನಾನು ಮನೋವೈದ್ಯೆ. ಪೇಟೆ ಬೀದಿಯವರ 'ಬದಲಾದರೆ?' ಅನ್ನುವ ಪ್ರಶ್ನೆಯನ್ನು ಯಾರೂ ಬೈದು ಓಡಿಸಬೇಡಿ. ನನ್ನ ಕೋಣೆಗೆ ಬರುವ ಹತ್ತರಲ್ಲಿ ಒಂಬತ್ತು ತಂದೆಯರು ಕೇಳುವುದು ಅದನ್ನೇ.

ಕೆಲವು ಮಕ್ಕಳು ಮುಂದೆ ಬೇರೆ ರೀತಿ ಹೇಳುವುದು ಉಂಟು. ಬಹಳ ಮಕ್ಕಳು ಹೇಳಿದ್ದನ್ನೇ ಹೇಳುತ್ತಾ ಬೆಳೆಯುತ್ತಾರೆ. ಮೊದಲ ದಿನ ಯಾರು ಯಾವ ಕಡೆ ಅಂತ ನನಗೂ ಗೊತ್ತಾಗುವುದಿಲ್ಲ, ಅದಕ್ಕೇ ಅವಸರ ಮಾಡುವುದಿಲ್ಲ. ಮನೆಯವರು ಅಂದುಕೊಂಡಿರುವುದು ಏನು ಗೊತ್ತಾ? ಮಗು ಬಾಯಿಬಿಟ್ಟ ಮರುದಿನವೇ ಆಪರೇಷನ್ ಅಂತ. 18 ತುಂಬದವರ ಹತ್ತಿರ ನಾನು ಶಸ್ತ್ರಚಿಕಿತ್ಸೆಯ ಮಾತೇ ಎತ್ತುವುದಿಲ್ಲ. ಮೊದಲು ಇರುವುದು ಹೆಸರು, ಬಟ್ಟೆ, ಕೂದಲು. ಕೂದಲು ಮತ್ತೆ ಬೆಳೆಯುತ್ತದೆ, ಬಟ್ಟೆ ಮತ್ತೆ ಹೊಲಿಸಬಹುದು. ಮಗು ಹೇಳಿದ್ದನ್ನು ಕೇಳಿಸಿಕೊಂಡರೆ ನಿಮ್ಮ ಕೈಯಿಂದ ಏನೂ ಜಾರುವುದಿಲ್ಲ. ಕೇಳಿಸಿಕೊಳ್ಳದಿದ್ದರೆ ಜಾರುತ್ತದೆ.

ಪುಸ್ತಿಕೆಗೆ ನನ್ನ ಕಡೆಯಿಂದ ಕೆಲವು ಮಾತು. ಇದು ಮಾನಸಿಕ ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಹೊಸ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ಮನೋರೋಗಗಳ ಅಧ್ಯಾಯದಿಂದ ತೆಗೆದು ಬೇರೆ ಕಡೆ ಇಟ್ಟಿದೆ. 2022ರ ಜನವರಿಯಿಂದ ಆ ಪಟ್ಟಿ ಜಾರಿಗೆ ಬಂತು. ಹಾಗಿದ್ದರೆ ಮನೋವೈದ್ಯರ ಹತ್ತಿರ ಯಾಕೆ ಹೋಗಬೇಕು? ಮಗುವಿಗೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಶಾಲೆಗೆ ಹೋಗಲು ಭಯ, ಅದಕ್ಕೆ. ಕೆಲವು ಸಲ ಅಪ್ಪ ಅಮ್ಮನಿಗೆ ನಿದ್ದೆ ಬರುತ್ತಿಲ್ಲ, ಅದಕ್ಕೂ.

'ಸರಿ ಮಾಡಿಕೊಡುತ್ತೇನೆ' ಅನ್ನುವವರ ಹತ್ತಿರ ಹೋಗಬೇಡಿ. ಅವರು ಡಾಕ್ಟರಾದರೂ ಸರಿ, ಮಂತ್ರವಾದಿಯಾದರೂ ಸರಿ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಇಂಥ 'ಚಿಕಿತ್ಸೆ' ಕೂಡದು ಅಂತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೈದ್ಯರ ವೃತ್ತಿ ದುರ್ನಡತೆ ಅಂತ ಹೇಳಿತು. ಮದುವೆ ಮಾಡಿದರೆ ಸರಿಹೋಗುತ್ತದೆ ಅನ್ನುವುದೂ ಇದೇ ಸಾಲಿಗೆ ಸೇರಿದ್ದು. ಅದರಲ್ಲಿ ಹಾಳಾಗುವುದು ಎರಡು ಜೀವ.

ಮತ್ತೆ, ಇದನ್ನು ಯಾರೂ ಬರೆಯುವುದಿಲ್ಲ. ಹೆಣ್ಣಾಗಿ ಹುಟ್ಟಿದ ಹುಡುಗರು ಎದೆ ಕಾಣದ ಹಾಗೆ ಕ್ರೇಪ್ ಬ್ಯಾಂಡೇಜ್ ಬಿಗಿದು ಸುತ್ತಿಕೊಳ್ಳುತ್ತಾರೆ, ರಾತ್ರಿಯೂ ಬಿಚ್ಚುವುದಿಲ್ಲ. ಉಸಿರು ಕಟ್ಟುತ್ತದೆ, ಪಕ್ಕೆಲುಬು ನೋಯುತ್ತದೆ, ಚರ್ಮ ಹುಣ್ಣಾಗುತ್ತದೆ. ಈ ಕಡೆ ಗಂಡಾಗಿ ಹುಟ್ಟಿದ ಹೆಣ್ಣುಮಕ್ಕಳು ಮೈ ಹೆಣ್ಣಿನ ಹಾಗಾಗಲಿ ಅಂತ ಯಾರನ್ನೂ ಕೇಳದೆ ಗರ್ಭನಿರೋಧಕ ಮಾತ್ರೆ ತಂದು ನುಂಗುತ್ತಾರೆ. ಅಂಗಡಿಯಲ್ಲಿ ಚೀಟಿ ಕೇಳುವುದಿಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಮನೆಯಲ್ಲಿ ಬಾಗಿಲು ಮುಚ್ಚಿದ್ದಷ್ಟೂ ಇಂಥವು ಜಾಸ್ತಿ. ಬೈಯಬೇಡಿ, ಕರೆದುಕೊಂಡು ಬನ್ನಿ.

ಸಾಯುವ ಮಾತು ಆಡಿದರೆ 'ಹೆದರಿಸ್ತಾ ಇದೆ' ಅಂತ ತಳ್ಳಿಹಾಕಬೇಡಿ. ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಬನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಇಲ್ಲ. ಮಕ್ಕಳಿಗೆ ಸಹಾಯವಾಣಿ 1098 ಕೂಡ ಇದೆ. ಈ ಎರಡು ಸಂಖ್ಯೆ ಕೊನೆಯ ಪುಟದಲ್ಲಿ ಬೇಡ, ಪ್ರತಿ ಪುಟದ ಕೆಳಗೂ ಇರಲಿ.

ಶಿವಮೊಗ್ಗದ ಅಮ್ಮ

ಡಾಕ್ಟರಮ್ಮ, ಬ್ಯಾಂಡೇಜ್ ವಿಷಯ ಓದಿ ಕೈ ನಡುಗಿತು. ಮೆಡಿಕಲ್ ಶಾಪ್ ಚೀಟಿಯಲ್ಲಿ ತಿಂಗಳಿಗೆ ಮೂರು ಬ್ಯಾಂಡೇಜ್ ಇರುತ್ತಿತ್ತು. ಕಾಲು ಉಳುಕಿದೆ ಅಂತಿದ್ದ. ನಾನು ಎಣ್ಣೆ ಹಚ್ಚಿಕೊಡುತ್ತಿದ್ದೆ, ಆ ಕಾಲಿಗೆ.

ಮದುವೆ ಮಾಡಿ ಅಂತ ನಮಗೂ ಹೇಳಿದ್ದರು, ಬಿಳಿ ಕೋಟು ಹಾಕಿದವರೇ. ಆ ಕ್ಲಿನಿಕ್ಕಿಗೆ ನಾಲ್ಕು ಸಲ ಹೋದೆವು. ಪ್ರತಿ ಸಲ 600 ರೂಪಾಯಿ. ಮಾತ್ರೆ ನುಂಗಿ ಮಗು ಹಗಲೆಲ್ಲ ತೂಕಡಿಸುತ್ತಿತ್ತು. ನಾವು ಅದನ್ನು 'ಶಾಂತ ಆಗಿದೆ' ಅಂದುಕೊಂಡೆವು.

ಡಲ್ಲಾಸ್ ದೊಡ್ಡಪ್ಪ

ಇಲ್ಲಿ ಅಮೆರಿಕದಲ್ಲಿ ಪಿ-ಫ್ಲ್ಯಾಗ್ ಅಂತ ಇಂಥ ಮಕ್ಕಳ ಮನೆಯವರ ಸಂಘ ಇದೆ. 1973ರಲ್ಲಿ ನ್ಯೂಯಾರ್ಕ್‌ನ ಒಂದು ಚರ್ಚಿನಲ್ಲಿ ಸುಮಾರು 20 ಜನ ಸೇರಿ ಶುರುವಾಗಿದ್ದು, ಜೀನ್ ಮ್ಯಾನ್‌ಫೋರ್ಡ್ ಎಂಬ ಒಬ್ಬ ತಾಯಿಯಿಂದ. ಅವರ ಹತ್ತಿರ ಹೆತ್ತವರಿಗಾಗಿ ಬರೆದದ್ದು ಬಹಳ ಇದೆ. ಬೇಕಿದ್ದರೆ ನಾವು ಕೆಲವರು ಕೂತು ಅನುವಾದ ಮಾಡಿಕೊಡುತ್ತೇವೆ. ಇಲ್ಲಿನ ಕನ್ನಡ ಮನೆಗಳಲ್ಲೂ ಬೇಕಾಗಿದೆ. ನನ್ನ ತಮ್ಮನ ಮಗುವಿಗೆ ಶಾಲೆಯಲ್ಲಿ, ಗೆಳೆಯರಲ್ಲಿ ತೊಂದರೆ ಇಲ್ಲ. ಬೇಸಿಗೆಗೆ ಊರಿಗೆ ಬಂದು ಅಜ್ಜಿಯ ಎದುರು ಯಾವ ಬಟ್ಟೆಯಲ್ಲಿ ನಿಲ್ಲಬೇಕು ಅನ್ನುವುದೇ ದೊಡ್ಡ ತಲೆನೋವು.

ಶಿವಮೊಗ್ಗದ ಅಮ್ಮ

ದೊಡ್ಡಪ್ಪ, ತುಂಬಾ ಥ್ಯಾಂಕ್ಸ್. ಆದರೆ ಅನುವಾದ ಬೇಡ. ನನ್ನ ಮಗ ಅಂಥ ಒಂದೆರಡು ಓದಿ ಹೇಳಿದ್ದಾನೆ. ಅದರಲ್ಲಿ ಇನ್ಶೂರೆನ್ಸ್ ಇದೆ, ಶಾಲೆಯ ಡ್ಯಾನ್ಸ್ ಪಾರ್ಟಿ ಇದೆ. ನಮ್ಮ ಪುಸ್ತಿಕೆಯಲ್ಲಿ ಗೃಹಪ್ರವೇಶ ಇರಬೇಕು. ನೆಂಟರು ಕೇಳುವ ಪ್ರಶ್ನೆ ಇರಬೇಕು. ನಾನು ಈಗ 'ಅವನಿಗೆ ಹೀಗೇ ಇಷ್ಟ. ಕಾಫಿ ತಗೊಳ್ಳಿ' ಅನ್ನುತ್ತೇನೆ. ಅಷ್ಟೇ. ಕಾಫಿ ಕೈಗೆ ಬಂದ ಮೇಲೆ ಯಾರೂ ಎರಡನೇ ಪ್ರಶ್ನೆ ಕೇಳಿಲ್ಲ ಇಲ್ಲಿಯವರೆಗೆ.

ಅಜ್ಜಿಯ ಎದುರು ನಿಲ್ಲುವ ಪುಟ ನೀವೇ ಯಾಕೆ ಬರೆಯಬಾರದು? ನಿಮ್ಮ ತಮ್ಮನ ಮಗು ಹೇಳಲಿ, ನೀವು ಬರೆಯಿರಿ.

ಕರಿಕೋಟು

ಕಾನೂನಿನ ಪುಟ ನನಗೆ ಕೊಡಿ. ಈಗಲೇ ಒಂದು ಎಚ್ಚರಿಕೆ. ಅದನ್ನು ಪುಸ್ತಿಕೆಯೊಳಗೆ ಹೊಲಿಯಬೇಡಿ. ಬಿಡಿ ಹಾಳೆ ಮಾಡಿ, ಮೇಲೆ ತಿಂಗಳು ವರ್ಷ ಹಾಕಿ ಒಳಗಿಡಿ. ಈ ವಿಷಯದ ಕಾಯ್ದೆ, ನಿಯಮ, ಅರ್ಜಿ ನಮೂನೆ ತಿದ್ದುಪಡಿ ಆಗುತ್ತಲೇ ಇರುತ್ತವೆ. ಹಳೆಯ ಹಾಳೆ ಹಿಡಿದು ಡಿಸಿ ಆಫೀಸಿಗೆ ಹೋಗಿ ವಾಪಸ್ ಬಂದವರನ್ನು ನೋಡಿದ್ದೇನೆ.

ಬದಲಾಗದ ಕಥೆ ಒಳಗಿರಲಿ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಹೂಡಿದ ಪ್ರಕರಣದಲ್ಲಿ, ತಾನು ಗಂಡೋ ಹೆಣ್ಣೋ ಬೇರೆಯೋ ಅನ್ನುವುದನ್ನು ಆ ವ್ಯಕ್ತಿಯೇ ಹೇಳಬೇಕು ಎಂದಿತು. 2019ರಲ್ಲಿ ಟ್ರಾನ್ಸ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ ಕಾಯ್ದೆ ಬಂತು, 2020ರ ಜನವರಿ 10ರಿಂದ ಜಾರಿ. ಆ ಕಾಯ್ದೆಯ 12ನೇ ಸೆಕ್ಷನ್ ಮನೆಯವರು ಓದಬೇಕಾದ್ದು. ಟ್ರಾನ್ಸ್ ಅನ್ನುವ ಕಾರಣಕ್ಕೆ ಮಗುವನ್ನು ತಂದೆತಾಯಿಯಿಂದ ಬೇರೆ ಮಾಡುವಂತಿಲ್ಲ, ಕೋರ್ಟ್ ಆದೇಶ ಇದ್ದರೆ ಮಾತ್ರ. ಮನೆಯಿಂದ, ಊರಿನಿಂದ ಹೊರಗೆ ಹಾಕುವುದನ್ನು ಅದೇ ಕಾಯ್ದೆ ಅಪರಾಧ ಎಂದಿತು, ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. ಮಲ್ಲಿಗೆ ಮೊಗ್ಗು ಅವರ ಎರಡು ಸಾಲಿನ ಮೊದಲನೆಯದಕ್ಕೆ ಇದು ಆಧಾರ. ಎರಡನೆಯದಕ್ಕೂ ಇದೆ, 13ನೇ ಸೆಕ್ಷನ್, ಶಾಲೆಗಳು ತಾರತಮ್ಯ ಮಾಡದೆ ಎಲ್ಲರ ಜೊತೆ ಓದಿಸಬೇಕು ಅಂತ.

ಅಪ್ಪಂದಿರಿಗೆ ಇನ್ನೊಂದು ಸಾಲು. 2021ರಿಂದ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್ ಅಭ್ಯರ್ಥಿಗಳಿಗೆ ಶೇ 1 ಮೀಸಲಾತಿ ಇದೆ, ಸಾಮಾನ್ಯ, ಪರಿಶಿಷ್ಟ, ಹಿಂದುಳಿದ ಎಲ್ಲ ವರ್ಗದ ಒಳಗೂ. ಬೆಂಗಳೂರಿನ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋಗಿ ಹೋರಾಡಿದ್ದರ ಫಲ. 'ಇವಳು ಮುಂದೆ ಏನು ಮಾಡಿ ತಿಂತಾಳೆ?' ಅಂತ ಕೂತ ಅಪ್ಪನಿಗೆ ಹತ್ತು ಪುಟ ಬುದ್ಧಿಮಾತಿಗಿಂತ ಈ ಸಾಲು ಹೆಚ್ಚು ಕೆಲಸ ಮಾಡುತ್ತದೆ. ನನ್ನ ಅನುಭವ ಅದು.

ಹೊಸಪೇಟೆ ಮೇಷ್ಟ್ರು

ಶಾಲೆಯ ಮಾತು ಬಂತು. 2021ರಲ್ಲಿ ಶಾಲಾ ಪಠ್ಯಪುಸ್ತಕ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿಯವರು ಶಿಕ್ಷಕರಿಗಾಗಿ ಟ್ರಾನ್ಸ್ ಮಕ್ಕಳ ಬಗ್ಗೆ ಒಂದು ಕೈಪಿಡಿ ಮಾಡಿ ವೆಬ್‌ಸೈಟಿಗೆ ಹಾಕಿದ್ದರು. ಗಲಾಟೆಯಾಯಿತು, ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಪತ್ರ ಬರೆಯಿತು, ಕೆಲವೇ ದಿನದಲ್ಲಿ ಕೈಪಿಡಿ ಮಾಯ. ಬಹಳ ಜನ ಕೂಗಾಡಿದ್ದು ಶೌಚಾಲಯದ ಒಂದು ಮಾತು ಹಿಡಿದು. ಉಳಿದದ್ದನ್ನು ಓದಿದವರು ಎಷ್ಟು ಮಂದಿಯೋ.

ಅದಕ್ಕೇ ಹೇಳುತ್ತೇನೆ, ಒಂದೇ ಕಡೆ ಇಡಬೇಡಿ. ನಾಲ್ಕು ಕಡೆ ಇಡಿ. ಶಾಲೆಯ ಪುಟದಲ್ಲಿ ಸಿದ್ಧಾಂತ ಬೇಡ, ಹೆಡ್‌ಮೇಷ್ಟ್ರಿಗೆ ಕೊಡಬಹುದಾದ ಒಂದು ಪತ್ರದ ಮಾದರಿ ಹಾಕಿ. ಹಾಜರಿ ಕೂಗುವಾಗ ಮಗು ಕೇಳಿದ ಹೆಸರು ಕೂಗುವುದು. ಸಮವಸ್ತ್ರದಲ್ಲಿ ಪ್ಯಾಂಟೋ ಚೂಡಿದಾರೋ ಆಯ್ಕೆ ಕೊಡುವುದು. ಸ್ಟಾಫ್ ರೂಮಿನ ಪಕ್ಕದ ಶೌಚಾಲಯದ ಬೀಗದ ಕೈ. ಈ ಮೂರು ಸಿಕ್ಕರೆ ಮಗು ಶಾಲೆಗೆ ಬರುತ್ತದೆ. ನಮ್ಮ ಶಾಲೆಯಲ್ಲಿ ಆ ಬೀಗದ ಕೈ ನನ್ನ ಮೇಜಿನ ಡ್ರಾಯರಿನಲ್ಲಿದೆ. ಯಾರೂ ಆದೇಶ ಹೊರಡಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಹೆಸರು ಬದಲಾಯಿಸುವ ಮನಸ್ಸಿದ್ದರೆ ಹತ್ತನೇ ತರಗತಿಯ ಪರೀಕ್ಷೆಗೆ ಕಟ್ಟುವ ಮೊದಲೇ ಕೇಳಿ ನೋಡಿ. ಅಂಕಪಟ್ಟಿಯಲ್ಲಿ ಒಮ್ಮೆ ಕೂತ ಹೆಸರನ್ನು ಎಬ್ಬಿಸುವುದು ಬಲು ಕಷ್ಟ.

ಇನ್ನೊಂದು ಮಾತು, ನಮ್ಮ ಕಡೆಯದು. ಇಲ್ಲಿ ಅಜ್ಜಿಯರು ಬೇಗ ಒಪ್ಪುತ್ತಾರೆ. 'ಅಮ್ಮನ ಕಳೆ ಬಂದೈತಿ' ಅಂತ ಕೈ ಮುಗಿಯುತ್ತಾರೆ. ಮಗುವಿಗೆ ಮೊದಲ ಸಲ ಬೈಗುಳದ ಬದಲು ಮರ್ಯಾದೆ ಸಿಗುತ್ತದೆ. ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಮುಂದಿನ ಹೆಜ್ಜೆ ಮುತ್ತು ಕಟ್ಟಿಸಿ ದೇವಿಗೆ ಬಿಡುವುದು. ಕಟ್ಟಿಸಿದ ಮೇಲೆ ಮಗು ದೇವರದ್ದು, ಮನೆಯದ್ದಲ್ಲ. ಶಾಲೆ ಅಲ್ಲಿಗೆ ನಿಂತಿತು. ಆಮೇಲೆ ಚೌಡಿಕೆ ಎಂಬ ತಂತಿವಾದ್ಯ ಹಿಡಿದು ಹಾಡುವುದು, ಜೋಗ ಅಂದರೆ ದೇವಿಯ ಹೆಸರಲ್ಲಿ ಭಿಕ್ಷೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜಮ್ಮ ಜೋಗತಿ ಅದೇ ದಾರಿಯಲ್ಲಿ ನಡೆದು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು, ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಅವರ ಬಗ್ಗೆ ಒಂದು ಪುಟ ಇರಲಿ ಅನ್ನುವುದು ನನ್ನ ಸಲಹೆ.

ಮಲ್ಲಿಗೆ ಮೊಗ್ಗು

ಮೇಷ್ಟ್ರೇ, ಮಂಜಮ್ಮ ಅಂದರೆ ನನಗೆ ಪ್ರಾಣ. ಅಕ್ಕೈ ಅಕ್ಕ ಕೂಡ, ನಮ್ಮ ಹಕ್ಕಿಗೆ ಹೋರಾಡುವ ಅಕ್ಕೈ ಪದ್ಮಶಾಲಿ ಅಂದರೆ ಬೆಂಗಳೂರಿನಲ್ಲಿ ನಮ್ಮವರಿಗೆಲ್ಲ ಗೊತ್ತು. ಆದರೆ 'ಸಾಧಕರ ಪುಟ' ಬೇಡ. ಪದ್ಮಶ್ರೀ ಬಂದರೆ ಮಾತ್ರ ಮಗು ಮಗುನಾ? ನಮ್ಮಮ್ಮ ಆ ಪುಟ ಓದಿದರೆ 'ಅವರು ಹೆಂಗಿದಾರೆ ನೋಡು, ನೀನು ಕಸ ಗುಡಿಸ್ತೀಯ' ಅಂತಾರೆ. ಬೇಕಿದ್ದರೆ ಸಾದಾ ಜನರನ್ನು ಹಾಕಿ. ಆಟೋ ಓಡಿಸೋಳು, ಬೇಕರಿಯಲ್ಲಿ ಕೆಲಸ ಮಾಡೋನು, ಬಿಕಾಂನಲ್ಲಿ ಎರಡು ಸಬ್ಜೆಕ್ಟ್ ಬಾಕಿ ಉಳಿಸಿಕೊಂಡೋಳು.

ಮೈಸೂರು ಅಪ್ಪ

ಎರಡು ಸಬ್ಜೆಕ್ಟ್ ಬಾಕಿ ಅಂದರೆ ನಮ್ಮ ಮಗಳೇ. ಹಾಕಿ, ಹೆಸರು ಬೇಡ.

ಮುಖಪುಟದ ಬಗ್ಗೆ ಯಾರೂ ಹೇಳಲಿಲ್ಲ. ಮಳೆಬಿಲ್ಲು ಹಾಕಬೇಡಿ, ಟ್ರಾನ್ಸ್ ಅನ್ನುವ ಪದ ಹೊರಗೆ ಬೇಡ. ನಾಚಿಕೆಗೆ ಹೇಳ್ತಿಲ್ಲ. ಟಿವಿ ಸ್ಟ್ಯಾಂಡಿನ ಮೇಲೆ ಇಟ್ಟರೆ ಹಾಲಿನವನೂ ನೋಡ್ತಾನೆ. ಪಂಚಾಂಗದ ಅಳತೆಯಲ್ಲಿ ಇರಲಿ, ಹೊರಗೆ ಸುಮ್ನೆ ಒಂದು ಹೂವಿನ ಚಿತ್ರ. ಶರ್ಟಿನ ಜೇಬಿಗೆ ಹಿಡಿಯಬೇಕು.

ಮತ್ತೆ ಅಪ್ಪಂದಿರು ಓದಲ್ಲ ಸ್ವಾಮಿ. ಕೇಳ್ತಾರೆ. ಆಡಿಯೋ ಮಾಡಿ ವಾಟ್ಸಾಪಿಗೆ ಬಿಡಿ. ಧಾರವಾಡದ ಕನ್ನಡದಲ್ಲಿ ಒಂದು, ಮಂಗಳೂರಿನದು ಒಂದು, ನಮ್ಮ ಕಡೆಯದು ಒಂದು. ದನಿ ಒಬ್ಬ ಅಪ್ಪನದೇ ಆಗಿರಬೇಕು. ಟಿವಿ ನಿರೂಪಕಿ ಬೇಡ.

ಜಿಲ್ಲಾ ಡಾಕ್ಟರಮ್ಮ

ಆಡಿಯೋಗೆ ನನ್ನ ಎರಡು ಕೈ. ಓದಲು ಬಾರದ ಅಜ್ಜಿಯರಿಗೂ ಆಗುತ್ತದೆ. ಆಶಾ ಕಾರ್ಯಕರ್ತೆಯರ ಫೋನಿಗೂ ಹೋಗಲಿ. ಯಾವ ಮನೆಯಲ್ಲಿ ಯಾವ ಮಗು ಮೂಲೆ ಸೇರಿದೆ ಅಂತ ನಮಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಶಿವಮೊಗ್ಗದ ಅಮ್ಮ

ನಾಲ್ಕು ಮನೆಯವರೂ ಭಾನುವಾರ ಕೂತೆವು. ಹಳೆಯ ಮೊದಲ ಪುಟ ಹೋಯಿತು. ವ್ಯತ್ಯಾಸ ಗಿತ್ಯಾಸ ಎಲ್ಲ 17ನೇ ಪುಟಕ್ಕೆ ತಳ್ಳಿದ್ದೇವೆ. ಹೊಸದು ಹೀಗಿದೆ, ತಪ್ಪಿದ್ದರೆ ಹೇಳಿ.

'ಇದು ನಿಮ್ಮ ಕೈಗೆ ಬಂದಿದೆ ಅಂದರೆ ನಿಮ್ಮ ಮಗು ನಿಮಗೆ ಏನೋ ಹೇಳಿದೆ. ಅಥವಾ ನೀವೇ ಏನೋ ನೋಡಿದ್ದೀರಿ. ನಿಮಗೆ ಈಗ ನಿದ್ದೆ ಬರುತ್ತಿಲ್ಲ. ನಮಗೂ ಬಂದಿರಲಿಲ್ಲ. ಇವತ್ತೇ ಏನೂ ತೀರ್ಮಾನ ಮಾಡಬೇಕಾಗಿಲ್ಲ. ಮನೆಯಿಂದ ಕಳಿಸಬೇಡಿ. ಓದು ಬಿಡಿಸಬೇಡಿ. ಕಾಗದಪತ್ರ ಬಚ್ಚಿಡಬೇಡಿ. ಊಟ ಆಯ್ತಾ ಅಂತ ಕೇಳಿ. ಇಷ್ಟು ಸಾಕು ಇವತ್ತಿಗೆ. ನಾಳೆ ಎರಡನೇ ಪುಟ ಓದಿ.'

ಎರಡನೇ ಪುಟದಿಂದ ಪ್ರಶ್ನೆಗಳು, ನೀವು ಹೇಳಿದ ಹಾಗೇ. 'ಅಕ್ಕನ ಮದುವೆಗೆ ತೊಂದರೆ ಆಗುತ್ತಾ?' 'ಬದಲಾದರೆ?' 'ಏನು ಮಾಡಿ ತಿಂತಾಳೆ?' 'ನಾನು ಬಸುರಿ ಇದ್ದಾಗ ಏನಾದರೂ ತಪ್ಪು ಮಾಡಿದೆನಾ?' ಕೊನೆಯದು ನನ್ನದು. ಅದಕ್ಕೆ ಡಾಕ್ಟರಮ್ಮ ಒಂದೇ ಪದದ ಉತ್ತರ ಬರೆದುಕೊಟ್ಟಿದ್ದಾರೆ. 'ಇಲ್ಲ.'

ಮದುವೆ ಪ್ರಶ್ನೆಗೆ ಮೈಸೂರಿನವರು ಬರೆದದ್ದು ಹಾಗೇ ಇಡುತ್ತೇವೆ. ಒಂದು ಸಂಬಂಧ ತಪ್ಪಿತು, ಎರಡನೆಯದು ಕೂಡಿಬಂತು, ಚಪ್ಪರದಲ್ಲಿ ತಂಗಿ ರೇಷ್ಮೆ ಲಂಗ ದಾವಣಿ ಉಟ್ಟು ಓಡಾಡಿದಳು, ಇಬ್ಬರು ನೆಂಟರು ಊಟ ಮಾಡದೆ ಹೋದರು. ಎಲೆ ಉಳಿಯಿತು, ಅಷ್ಟೇ ಅಂತ ಬರೆದಿದ್ದಾರೆ.

ಪಿಡಿಎಫ್ ಬೇಕಾದವರು ಕೇಳಿ. ಮೊದಲ ಅಚ್ಚು 300 ಪ್ರತಿ, ನಮ್ಮ ದುಡ್ಡು ಅಷ್ಟಕ್ಕೇ ಆಗುತ್ತೆ.

ಮಲ್ಲಿಗೆ ಮೊಗ್ಗು

'ಊಟ ಆಯ್ತಾ ಅಂತ ಕೇಳಿ' ತೆಗೆಯಬೇಡಿ, ಯಾರು ಹೇಳಿದರೂ.

ಕರಿಕೋಟು

ಬಿಡಿ ಹಾಳೆ ಇನ್ನೂ ಕಳಿಸಿಲ್ಲ, ಬೈಯಬೇಡಿ. ಕೋರ್ಟ್ ರಜೆ ಮುಗಿಯುವುದರೊಳಗೆ ಕೊಡುತ್ತೇನೆ.

ಪೇಟೆ ಬೀದಿ

ಆಡಿಯೋ ಎಷ್ಟು ನಿಮಿಷದ್ದು?

ಶಿವಮೊಗ್ಗದ ಅಮ್ಮ

ಹನ್ನೊಂದು ನಿಮಿಷ. ಎರಡು ಭಾಗ ಮಾಡಿದ್ದೇವೆ.

ಪೇಟೆ ಬೀದಿ

ಮೊದಲ ಭಾಗ ಕಳಿಸಿ. ಗುಂಪಿಗೆ ಬೇಡ, ನನ್ನ ನಂಬರಿಗೆ. ಅಂಗಡಿ ಬಾಗಿಲು ಹಾಕಿದ ಮೇಲೆ ಕೇಳ್ತೀನಿ.